ಪದ ಬೇಕು: ರಕ್ತನಂಜು / ನೆತ್ತರನಂಜು / ಸೆಪ್ಟಿಕ್

ಬಳ್ಳಾರಿಯಿಂದ:
ನಶೆಯ ಇಂಜೆಕ್ಷನ್ ಚುಚ್ಚಿಕೊಳ್ಳುವವರಿಗಾಗಿ ಗೋಡೆಗೆ ಅಂಟಿಸುವ ಹಾಳೆ ಮಾಡುತ್ತಿದ್ದೇವೆ, ಬೆಳಿಗ್ಗೆ 10ಕ್ಕೆ ಪ್ರೆಸ್ಸಿಗೆ ಹೋಗಬೇಕು. ಐಕೆನೆಲ್ಲಾ ಕರೋಡೆನ್ಸ್ ಅಂತ ಒಂದು ಬ್ಯಾಕ್ಟೀರಿಯಾ, ಬಹಳ ಜನರ ಬಾಯಲ್ಲಿ ಸುಮ್ಮನೆ ಇರುವಂಥದ್ದು. ಸೂಜಿಯ ತುದಿ ನೆಕ್ಕಿ ಚುಚ್ಚಿಕೊಂಡರೆ ರಕ್ತಕ್ಕಿಳಿದು ಹೃದಯದ ಕವಾಟ ಹಿಡಿಯಬಹುದು. ಅಪರೂಪವೇ, ಆದರೆ ಕವಾಟಕ್ಕೆ ಹತ್ತಿದರೆ 4ರಿಂದ 6 ವಾರ ನರಕ್ಕೇ ಔಷಧಿ ಕೊಡಬೇಕು. ಹೀಗೆ ರಕ್ತಕ್ಕಿಳಿಯುವುದಕ್ಕೆ 'ರಕ್ತನಂಜು' ಅಂತ ಬರೆದು ಒಬ್ಬ ಹುಡುಗನಿಗೆ ತೋರಿಸಿದೆ. "ಹಂಗಾರ ಬದ್ನಿಕಾಯಿ ತಿನ್ನಬಾರ್ದೇನ್ರಿ?" ಅಂದ. ಬೇರೆ ಪದ ಇದ್ದರೆ ಬೇಗ ಹೇಳಿ.

ಗಂಗಾವತಿಯಿಂದ:
ರಕ್ತನಂಜು ಅರಿಸಮಾಸ, ಸಂಸ್ಕೃತ ಪದಕ್ಕೆ ಕನ್ನಡ ಪದ ಅಂಟಿಸಿದ್ದು. ನೆತ್ತರನಂಜು ಅನ್ನಿ. ಮುಗಿಯಿತು.

ರಾಯಚೂರಿನಿಂದ:
ಎಲ್ಲಿ ಮುಗಿಯಿತು? ನಮ್ಮ ಕಡೆ ಬಾಯಲ್ಲಿರುವುದು 'ರಗತ'. ತದ್ಭವಕ್ಕೆ ನಂಜು ಸೇರಿದರೆ ವ್ಯಾಕರಣ ಬರೆದ ಕೇಶಿರಾಜನ ತಕರಾರೂ ಇಲ್ಲ. ನನ್ನ ತಕರಾರು ನಂಜಿನ ಮೇಲೆಯೇ. ನಂಜು ಅಂದರೆ ವಿಷ, ನಂಜುಂಡನನ್ನು ಕೇಳಿ. ವಿಷ ಕುಡಿದಷ್ಟೇ ಇರುತ್ತದೆ, ಬ್ಯಾಕ್ಟೀರಿಯಾ ಒಳಹೊಕ್ಕು ಮರಿ ಹಾಕುತ್ತದೆ. ಸೋಂಕು ಅನ್ನಿ. ಹಳಗನ್ನಡದಲ್ಲಿ ಸೋಂಕು ಅಂದರೆ ಮುಟ್ಟುವುದು, ತಾಗುವುದು. ನಾಲಿಗೆ ಸೂಜಿಗೆ ಸೋಂಕಿತು, ಸೂಜಿ ರಗತಕ್ಕೆ ಸೋಂಕಿತು. ಇನ್ನೇನು ಬೇಕು?

ಗಂಗಾವತಿಯಿಂದ:
'ರಕ್ತದ ಸೋಂಕು' ಅಂತ ಗೋಡೆಗೆ ಹಚ್ಚಿ ನೋಡಿ, ಎಲ್ಲರೂ ಎಚ್‌ಐವಿ ಅಂತಲೇ ಓದುತ್ತಾರೆ. ಸಂಸ್ಕೃತ, ಇಂಗ್ಲಿಷ್ ಎರಡರ ಎಂಜಲಿಲ್ಲದೆ ನಮಗೆ ಊಟ ಇಳಿಯುವುದೇ ಇಲ್ಲವೇ?

ರಾಯಚೂರಿನಿಂದ:
ಎಂಜಲಿನ ಮಾತು ಸೂಜಿ ನೆಕ್ಕುವವರಿಗೆ ಹೇಳಿ. ಗಂಗಾವತಿ ಯಾವ ಅಚ್ಚಗನ್ನಡ? ಮೊದಲು ಊರ ಹೆಸರು ತಿದ್ದಿಸಿ.

ಸಿರುಗುಪ್ಪದಿಂದ:
ಡ್ರೆಸ್ಸಿಂಗ್ ರೂಮಿನಲ್ಲಿ ಇಪ್ಪತ್ತು ವರ್ಷ ನಿಂತವಳು ನಾನು. ಜನ ಅನ್ನುವುದು "ಸೆಪ್ಟಿಕ್ ಆಗೈತ್ರಿ", ಅಷ್ಟೇ. ಗ್ರೀಕಿನಲ್ಲಿ ಕೊಳೆಯುವುದು ಅಂತ ಅರ್ಥವಂತೆ, ಇರಲಿ. ತೊಂದರೆ ಏನೆಂದರೆ, ಸೆಪ್ಟಿಕ್ ಅಂದರೆ ಅವರ ಕಣ್ಣಿಗೆ ಕೀವು ಕಾಣಬೇಕು. ರಕ್ತಕ್ಕೆ ಹೋದದ್ದು ಕಾಣುವುದಿಲ್ಲ, ಗಡಗಡ ನಡುಕ, ಜ್ವರ ಬರುತ್ತದೆ. ಮಲೇರಿಯಾ ಅಂದುಕೊಂಡು ಮಾತ್ರೆ ನುಂಗಿ ಮಲಗುತ್ತಾರೆ. ಒಂದೇ ಪದಕ್ಕೆ ಯಾಕೆ ಜೋತುಬೀಳುತ್ತೀರಿ? ನಡುಕವನ್ನೂ ಬರೆಯಿರಿ.

ಬಳ್ಳಾರಿಯಿಂದ:
ಅಕ್ಕಾ, ನಿಮ್ಮದೇ ಹೋಯಿತು ಪ್ರೆಸ್ಸಿಗೆ: "ಸೂಜಿ ನೆಕ್ಕಬ್ಯಾಡ್ರಿ. ಸೆಪ್ಟಿಕ್ ರಗತಕ್ಕ ಇಳೀತೈತಿ. ಚಳಿ ನಡುಕ, ಜ್ವರ ಬಂದ್ರ ದೊಡ್ಡಾಸ್ಪತ್ರಿಗೆ ಬರ್ರಿ, ಚುಚ್ಚಿಕೊಂಡಿದ್ದು ಮುಚ್ಚಿಡಬ್ಯಾಡ್ರಿ."

ಗಂಗಾವತಿಯಿಂದ:
ಗ್ರೀಕು, ಅದರ ಪಕ್ಕಕ್ಕೆ ತದ್ಭವ. ಇದು ಯಾವ ಸಮಾಸ?

ರಾಯಚೂರಿನಿಂದ:
ವಾಕ್ಯ ಸ್ವಾಮಿ, ಸಮಾಸ ಅಲ್ಲ.