ಪಿಟೆನ್ ತೆಗೆದರೂ ಸೆಲ್ ಬೆಳೆಯುತ್ತಿಲ್ಲ, ಯಾರಾದರೂ ಸಹಾಯ ಮಾಡಿ

ಇರುಳ್‌ಲ್ಯಾಬ್:
ಎರಡು ತಿಂಗಳಿಂದ ಒದ್ದಾಡುತ್ತಿದ್ದೇನೆ. ಪಿಟೆನ್ ಕ್ಯಾನ್ಸರ್ ತಡೆಯುವ ಜೀನ್, ತೆಗೆದರೆ ಸೆಲ್ ಜಾಸ್ತಿ ಬೆಳೆಯಬೇಕು ಅಲ್ವಾ? ನನ್ನವು ಐದನೇ ದಿನಕ್ಕೆ ನಿಂತೇ ಹೋಗುತ್ತವೆ. ಸಾಯುವುದಿಲ್ಲ, ತೇಲುವುದಿಲ್ಲ. ಬುಲ್ಸ್‌ಐ ಮೊಟ್ಟೆ ಥರ ಅಗಲವಾಗಿ ಹರಡಿಕೊಂಡು ಕೂರುತ್ತವೆ. ವೆಸ್ಟರ್ನ್‌ನಲ್ಲಿ (ಪ್ರೋಟೀನ್ ಪತ್ತೆ ಮಾಡುವ ಪರೀಕ್ಷೆ) ಪಿಟೆನ್ ಬ್ಯಾಂಡ್ ಪೂರ್ತಿ ಹೋಗಿದೆ. ಗೈಡ್‌ಗೆ ಏನು ಹೇಳಲಿ?

ಡಿಶ್‌ಮನೆ:
ಮೈಕೋಪ್ಲಾಸ್ಮಾ ಇರಬಹುದು, ಕಲ್ಚರ್‌ಗೆ ಸೇರಿಕೊಳ್ಳುವ ಬ್ಯಾಕ್ಟೀರಿಯಾ. ಪಿಸಿಆರ್ ಮಾಡಿಸಿದಿರಾ?

ಇರುಳ್‌ಲ್ಯಾಬ್:
ನೆಗೆಟಿವ್.

ಡಿಶ್‌ಮನೆ:
ಒಂದು ಸಲ ನೆಗೆಟಿವ್ ಬಂದರೆ ಸಾಲದು. ಆಂಟಿಬಯೋಟಿಕ್ ಇಲ್ಲದೆ ಎರಡು ವಾರ ಬೆಳೆಸಿ, ಮತ್ತೆ ಮಾಡಿಸಿ.

ಗಾಜಿನಕೊಳವೆ:
ಮೈಕೋಪ್ಲಾಸ್ಮಾ ಆಗಿದ್ದರೆ ಪಿಟೆನ್ ತೆಗೆಯದ ಕಂಟ್ರೋಲ್ ಸೆಲ್ ಕೂಡ ನಿಲ್ಲಬೇಕಿತ್ತಲ್ಲ. ಸೆಲ್ ಯಾವುದು ಅಂತಲೇ ನೀವು ಹೇಳಿಲ್ಲ. ನನ್ನ ಪಿಸಿ-3 ಪ್ರಾಸ್ಟೇಟ್ ಕ್ಯಾನ್ಸರ್ ಸೆಲ್‌ನಲ್ಲಿ ಪಿಟೆನ್ ಇಲ್ಲವೇ ಇಲ್ಲ, ಆದರೂ ಮೂರು ದಿನಕ್ಕೆ ಫ್ಲಾಸ್ಕ್ ತುಂಬುತ್ತದೆ.

ಇರುಳ್‌ಲ್ಯಾಬ್:
ಮೆಫ್, ಅಂದರೆ ಇಲಿ ಭ್ರೂಣದ ಫೈಬ್ರೋಬ್ಲಾಸ್ಟ್. ಮೂರನೇ ಪ್ಯಾಸೇಜ್ (ಮೂರನೇ ಸಲ ಹೊಸ ಡಿಶ್‌ಗೆ ಹಾಕಿದ್ದು). ಪಿಟೆನ್ ಫ್ಲಾಕ್ಸ್ ಇರುವವು, ಅಂದರೆ ಜೀನಿನ ಎರಡೂ ಬದಿ ಕತ್ತರಿಸುವ ಗುರುತು ಇದೆ. ಆ ಗುರುತಿನಲ್ಲಿ ಕತ್ತರಿಸುವ ಕ್ರೀ ಕಿಣ್ವವನ್ನು ವೈರಸ್ ಮೂಲಕ ಹಾಕಿ ತೆಗೆದಿದ್ದು.

ಮಲೆನಾಡು_ಜೀನ್:
ಇದನ್ನೇ ಮೊದಲು ಹೇಳಬೇಕಿತ್ತು! ಪಿಸಿ-3ರಲ್ಲಿ ಪಿ53 ಕೂಡ ಇಲ್ಲ, ಅದು ಕ್ಯಾನ್ಸರ್ ತಡೆಯುವ ಇನ್ನೊಂದು ಜೀನ್. ನಿಮ್ಮ ಮೆಫ್‌ನಲ್ಲಿ ಅದು ಗಟ್ಟಿಯಾಗಿದೆ. ಪಿಟೆನ್ ಪೂರ್ತಿ ಹೋದರೆ ಬೆಳೆಯಲು ತಳ್ಳುವ ಎಕೆಟಿ ಪ್ರೋಟೀನ್ ವಿಪರೀತ ಚುರುಕಾಗುತ್ತದೆ, ಪಿ53 ಎಚ್ಚೆತ್ತು, ವಿಭಜನೆ ತಡೆಯುವ ಪಿ21 ಪ್ರೋಟೀನ್ ಏರಿಸಿ ಸೆಲ್ಲನ್ನು ನಿಲ್ಲಿಸಿಬಿಡುತ್ತದೆ. ನೀವು ನೋಡುತ್ತಿರುವುದು ಸೆನೆಸೆನ್ಸ್, ಅಂದರೆ ಸೆಲ್ ಸಾಯದೆ ಮುದಿಯಾಗಿ ವಿಭಜನೆ ನಿಲ್ಲಿಸುವುದು. 2005ರ ನೇಚರ್ ಪೇಪರ್ ಓದಿ. ಇಲಿಯ ಪ್ರಾಸ್ಟೇಟ್‌ನಲ್ಲಿ ಪಿ53 ಒಂದನ್ನೇ ತೆಗೆದರೆ ಗಡ್ಡೆಯೇ ಇಲ್ಲ. ಪಿಟೆನ್ ಒಂದೇ ಹೋದರೆ ಕ್ಯಾನ್ಸರ್ ಬರುತ್ತದೆ, ಆದರೆ ತುಂಬಾ ತಡವಾಗಿ. ಎರಡೂ ಹೋದ ಇಲಿಗಳು ಏಳು ತಿಂಗಳೊಳಗೆ ಸತ್ತವು.

ಡಿಶ್‌ಮನೆ:
ಅಷ್ಟು ಬೇಗ ತೀರ್ಮಾನ ಬೇಡ. ಕ್ರೀ ಜಾಸ್ತಿಯಾದರೆ ಬೇರೆ ಕಡೆಯೂ ಡಿಎನ್‌ಎ ಕತ್ತರಿಸುತ್ತದೆ, ಅದಕ್ಕೂ ಸೆಲ್ ನಿಲ್ಲುತ್ತದೆ. ಫ್ಲಾಕ್ಸ್ ಇಲ್ಲದ ಮೆಫ್‌ಗೆ ಅದೇ ಕ್ರೀ ಹಾಕಿದಿರಾ? ಮೈಕೋಪ್ಲಾಸ್ಮಾನೂ ಇನ್ನೊಮ್ಮೆ ನೋಡಿ.

ಗಾಜಿನಕೊಳವೆ:
ಆಕ್ಸಿಜನ್ ಎಷ್ಟು? 20%ರಲ್ಲಿ ಮೆಫ್ ತಾನಾಗೇ ಮುದಿಯಾಗುತ್ತದೆ. ನಮ್ಮಲ್ಲಿ 3%ಗೆ ಪ್ರತ್ಯೇಕ ಇನ್‌ಕ್ಯುಬೇಟರ್, ಎರಡು ನೈಟ್ರೋಜನ್ ಸಿಲಿಂಡರ್, ಜೊತೆಗೆ ಅಲಾರಂ. ಹತ್ತನೇ ಪ್ಯಾಸೇಜ್‌ವರೆಗೂ ಆರಾಮ.

ಡಿಶ್‌ಮನೆ:
ಎಲ್ಲರ ಲ್ಯಾಬ್‌ನಲ್ಲೂ ಅದು ಇರುವುದಿಲ್ಲ ಸರ್. ಇರುವುದರಲ್ಲೇ ದಾರಿ ಹೇಳಿ.

ಮಲೆನಾಡು_ಜೀನ್:
ಬೀಟಾ-ಗ್ಯಾಲ್ ಬಣ್ಣ ಹಾಕಿ, ಸೆನೆಸೆನ್ಸ್ ಆದ ಸೆಲ್ ನೀಲಿಯಾಗುತ್ತದೆ. ಪಿಎಚ್ ಸರಿಯಾಗಿ 6.0 ಇರಲಿ. ಪ್ಲೇಟನ್ನು ಸಿಒ2 ಇನ್‌ಕ್ಯುಬೇಟರ್‌ನಲ್ಲಿ ಮಾತ್ರ ಇಡಬೇಡಿ, ಪಿಎಚ್ ಇಳಿದು ಎಲ್ಲವೂ ನೀಲಿಯಾಗುತ್ತದೆ. ಜೊತೆಗೆ ಪಿ53, ಪಿ21 ವೆಸ್ಟರ್ನ್.

ಇರುಳ್‌ಲ್ಯಾಬ್:
ಬಣ್ಣ ಹಾಕಿದೆ. ಪಿಟೆನ್ ಹೋದ ಡಿಶ್‌ನಲ್ಲಿ ಹತ್ತಕ್ಕೆ ಆರು ನೀಲಿ. ಫ್ಲಾಕ್ಸ್ ಇಲ್ಲದೆ ಕ್ರೀ ಹಾಕಿದ್ದರಲ್ಲೂ ಹತ್ತಕ್ಕೆ ಎರಡು. ಅಂದರೆ ಇಬ್ಬರ ಮಾತಿನಲ್ಲೂ ಹುರುಳಿದೆ. ವೈರಸ್ ಅರ್ಧಕ್ಕೆ ಇಳಿಸಿ ಇವತ್ತು ಮತ್ತೆ ಶುರು ಮಾಡಿದ್ದೇನೆ. ಇಲಿಯ ಪಿ53 ತಗ್ಗಿಸಿ ನೋಡಲು ಎಸ್‌ಎಚ್‌ಆರ್‌ಎನ್‌ಎ (ಜೀನನ್ನು ಅಡಗಿಸುವ ಸಣ್ಣ ಆರ್‌ಎನ್‌ಎ) ಯಾರ ಹತ್ತಿರವಾದರೂ ಇದೆಯಾ?