ಬಟ್ಟೆ ಒಗೆದ ನೀರು ಹಾಕಿ ಮಣ್ಣು ಗಟ್ಟಿಯಾಗಿದೆ, ಸಹಾಯ ಬೇಕು

ವಾಷಿಂಗ್ ಮಷೀನ್ ನೀರನ್ನು ಪೈಪ್ ಹಾಕಿ ಕೈತೋಟಕ್ಕೆ ಬಿಡುತ್ತಿದ್ದೇವೆ. ಬಾಳೆ ಚೆನ್ನಾಗಿದೆ. ಆದರೆ ಗುಲಾಬಿಯ ಎಲೆಯಂಚು ಸುಟ್ಟ ಹಾಗೆ ಕಂದಾಗುತ್ತಿದೆ. ಮಣ್ಣಿನ ಮೇಲೆ ಬಿಳಿ ಪದರ ಕಟ್ಟಿದೆ, ನೀರು ಇಂಗುವುದೇ ಇಲ್ಲ, ಮೇಲೇ ನಿಲ್ಲುತ್ತದೆ. ನೋಡಿದರೆ ಸಂಕಟವಾಗುತ್ತದೆ.

ನೀರನ್ನು ಕೂಡಿಡುವುದಿಲ್ಲ, ಒಂದು ದಿನ ಇಟ್ಟರೂ ನಾರುತ್ತದೆ ಅಲ್ವಾ. ಬ್ಲೀಚ್ ಹಾಕಿದ ದಿನ ನೀರು ಚರಂಡಿಗೇ. ಸೋಪಿನ ಪುಡಿಯಲ್ಲಿ ಮಣ್ಣನ್ನು ಗಟ್ಟಿ ಮಾಡುವ ಸೋಡಿಯಂ (ಉಪ್ಪಿನಂಶ) ಜಾಸ್ತಿ ಅಂತ ಲಿಕ್ವಿಡ್‌ಗೆ ಬದಲಾಯಿಸಿದೆ. ಕಾಂಪೋಸ್ಟ್, ಒಣ ಎಲೆಯ ಹೊದಿಕೆ ಕೂಡ ಹಾಕಿದೆ. ಮಣ್ಣು ಮಾತ್ರ ಸಡಿಲವಾಗಲಿಲ್ಲ.

ಜಿಪ್ಸಂ (ಕ್ಯಾಲ್ಸಿಯಂ ಇರುವ ಖನಿಜದ ಪುಡಿ) ಹಾಕಿ, ಆಮೇಲೆ ಒಳ್ಳೆ ನೀರು ಹರಿಸಿದರೆ ಸೋಡಿಯಂ ಕೆಳಗೆ ಇಳಿದು ಹೋಗುತ್ತದೆ ಅಂತ ಓದಿದ್ದೇನೆ. ನನಗೆ ಗೊಂದಲ ಇಲ್ಲೇ. ನೀರೇ ಇಳಿಯದ ಮಣ್ಣಿನಲ್ಲಿ ಅದು ಹೇಗೆ ಹೋಗುತ್ತದೆ? ಗಿಡ ಇರುವಾಗಲೇ ಜಿಪ್ಸಂ ಹಾಕಬಹುದಾ, ಚದರ ಮೀಟರಿಗೆ ಎಷ್ಟು? ಮಾಡಿ ನೋಡಿದವರು ದಯವಿಟ್ಟು ತಿಳಿಸಿ.