ಮೋರೇರ ಗುಡ್ಡದ ಗೋಡೆಬರಹ: 100 ಪದದಲ್ಲಿ ಏನು ಬರೆಯಲಿ?

ಡ್ರಾಯಿಂಗ್ ಟೀಚರ್:

ಎಲ್ಲರಿಗೂ ನಮಸ್ಕಾರ. ನಾನು ಗಂಗಾವತಿ ಕಡೆಯ ಒಂದು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಟೀಚರ್. ನಮಗೆ ಹಿರೇಬೆಣಕಲ್ ಗುಡ್ಡ, ಅಂದರೆ ಮೋರೇರ ಗುಡ್ಡ, ಹತ್ತಿರ. ನೋಡಿದವರಿಗೆ ಗೊತ್ತಿರುತ್ತದೆ. ನೋಡದವರಿಗೆ ಎರಡು ಮಾತು.

ಬಂಡೆಗಳ ನಡುವಿನ ಕಾಲುದಾರಿ ಹಿಡಿದು ಏದುಸಿರು ಬಿಡುತ್ತಾ ಹತ್ತಿದರೆ, ಮೇಲೆ ಒಂದು ಊರೇ ಇದ್ದ ಹಾಗೆ ಕಲ್ಲಿನ ಮನೆಗಳು ಕಾಣುತ್ತವೆ. ಚಪ್ಪಡಿಗಳನ್ನು ಗೋಡೆಯ ಹಾಗೆ ನಿಲ್ಲಿಸಿ ಮೇಲೊಂದು ಚಪ್ಪಡಿ ಹೊದಿಸಿದ್ದಾರೆ. ಹಲವಕ್ಕೆ ಮುಂದುಗಡೆ ದುಂಡನೆಯ ಕಿಂಡಿ. ಕೆಲವು ನನಗಿಂತ ಎತ್ತರ, ಕೆಲವು ಮಂಡಿಯುದ್ದ. ಎಲ್ಲ ಸೇರಿ 400ರ ಹತ್ತಿರ ಇವೆ. ಕ್ರಿ.ಪೂ. 800ರಿಂದ 200ರ ನಡುವಿನ ಕಾಲದವು ಎನ್ನುತ್ತಾರೆ. ಕಬ್ಬಿಣ ಬಳಸುತ್ತಿದ್ದ ಜನ ಸತ್ತವರಿಗಾಗಿ ಕಟ್ಟಿದ್ದು. 1835ರಲ್ಲೇ ನಿಜಾಮರ ನೌಕರಿಯಲ್ಲಿದ್ದ ಮೆಡೋಸ್ ಟೇಲರ್ ಇಲ್ಲಿಗೆ ಬಂದು ನೋಡಿ ಬರೆದಿಟ್ಟಿದ್ದ. 2021ರಲ್ಲಿ ಯುನೆಸ್ಕೊದ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಗೂ ಸೇರಿತು. ಅಲ್ಲಿಂದೀಚೆಗೆ ಭಾನುವಾರ ಬೈಕುಗಳು ಜಾಸ್ತಿ.

ಈಗ ನನ್ನ ಕಷ್ಟ. ಗುಡ್ಡಕ್ಕೆ ಹೋಗುವವರು ಕಣ್ಣು ಹಾಯಿಸಲಿ ಎಂದು ಊರೊಳಗಿನ ಒಂದು ಕಾಂಪೌಂಡ್ ಗೋಡೆಯನ್ನು ನಮಗೆ ಬಿಟ್ಟುಕೊಟ್ಟಿದ್ದಾರೆ. ಗೋಡೆ 12 ಅಡಿ ಉದ್ದ. ಅರ್ಧ ಚಿತ್ರ, ಅರ್ಧ ಬರಹ. ದೂರದಿಂದ ಕಾಣುವಷ್ಟು ದಪ್ಪ ಅಕ್ಷರ ಬರೆದರೆ 100 ಪದಕ್ಕಿಂತ ಹೆಚ್ಚು ಹಿಡಿಯುವುದಿಲ್ಲ.

ಬೇರೆ ಕಡೆ ಇಂಥದ್ದೇ ಜಾಗದಲ್ಲಿ ನೋಡಿದ ಬೋರ್ಡೊಂದು ನನ್ನ ಫೋನಿನಲ್ಲಿದೆ. ‘ಬೃಹತ್ ಶಿಲಾಯುಗದ ಶವಸಂಸ್ಕಾರ ಸಂಬಂಧಿ ಶಿಲಾಕೋಷ್ಠಗಳು’ ಎಂದಿದೆ. ಒಂಬತ್ತನೇ ಕ್ಲಾಸಿನ ಹುಡುಗನಿಗೆ ಓದಿಸಿದೆ. ‘ಟೀಚರ್, ಕೋಷ್ಠ ಅಂದರೆ ಹೊಟ್ಟೆ ಅಲ್ವಾ?’ ಎಂದ. ಹೌದಪ್ಪಾ ಎಂದು ಸುಮ್ಮನಾದೆ.

ಹಾಗಾಗಿ ನಾನೇ ಸರಳವಾಗಿ ಬರೆದೆ: ‘ಈ ಗುಡ್ಡದ ಮೇಲೆ ಎರಡೂವರೆ ಸಾವಿರ ವರ್ಷ ಹಳೆಯ ಸ್ಮಶಾನವಿದೆ.’ ಊರಿನವರಿಗೆ ಓದಿ ಹೇಳಿದೆ. ಕೂಡಲೇ ಗಲಾಟೆ. ದಾರಿಯಲ್ಲಿ ಚಹಾ ಅಂಗಡಿ ಇಟ್ಟಿರುವ ಅಕ್ಕ ಕೇಳಿದರು, ‘ಸ್ಮಶಾನದ ಪಕ್ಕ ನಿಂತು ಯಾರು ಚಹಾ ಕುಡಿತಾರೆ?’ ಒಬ್ಬರು ಹಿರಿಯರಿಗೆ ಬೇಜಾರೇ ಆಯಿತು. ಅವರ ಪ್ರಕಾರ ಅವು ಮೋರೇರ ಮನೆಗಳು. ಮೋರೇರು ಎಂದರೆ ಕುಳ್ಳ ಜನ, ಆದರೆ ಭಾರೀ ಶಕ್ತಿವಂತರು. ಇಲ್ಲದಿದ್ದರೆ ಅಷ್ಟು ದೊಡ್ಡ ಚಪ್ಪಡಿ ಹೇಗೆ ಎತ್ತುತ್ತಿದ್ದರು, ಆ ಕಿಂಡಿಯಲ್ಲಿ ಹೇಗೆ ನುಸುಳುತ್ತಿದ್ದರು? ‘ನೀವು ಸ್ಮಶಾನ ಅಂತ ಬರೆದರೆ ನಾನು ಮೊಮ್ಮಕ್ಕಳಿಗೆ ಹೇಳಿದ್ದೆಲ್ಲ ಸುಳ್ಳಾಯ್ತಲ್ಲ’ ಎಂದರು. ನನಗೆ ಉತ್ತರ ತೋಚಲಿಲ್ಲ.

ಇನ್ನೊಬ್ಬ ಯುವಕನದು ಬೇರೆ ವಾದ. ಮೋರೇರು ಎಂದರೆ ಮೌರ್ಯರು, ಅಶೋಕನ ಕಡೆಯವರು, ಹಾಗೇ ಬರೆಯಿರಿ, ಊರಿಗೆ ಹೆಸರು ಬರುತ್ತದೆ ಎಂದ.

ಕತೆ ಬರೆಯಲೋ, ನಿಜ ಬರೆಯಲೋ, ಎರಡಕ್ಕೂ ಜಾಗ ಇದೆಯೋ? ಮತ್ತೆ ಗುಡ್ಡದ ಮೇಲೆ ಬಡಿದರೆ ನಗಾರಿಯ ಹಾಗೆ ಸದ್ದು ಮಾಡುವ ಕಲ್ಲಿದೆಯಲ್ಲ, ಆ ನಗಾರಿ ಗುಂಡಿನ ವಿಷಯ ಹೇಳಬೇಕೋ ಬೇಡವೋ? ಹೇಳಿದರೆ ಹೋದವರೆಲ್ಲ ಬಡಿಯುತ್ತಾರೆ ಎಂದು ಭಯ. ಬಲ್ಲವರು ಹೇಳಿ.

ಕುರಿಯವರ ಹುಡುಗ:

ಟೀಚರ್, ನಾನು ಆ ಕಡೆಯವನೇ. ಈಗ ಬೆಂಗಳೂರಿನಲ್ಲಿ ಕೆಲಸ. ನಮ್ಮಪ್ಪ ಆ ಗುಡ್ಡದಲ್ಲಿ ಕುರಿ ಮೇಯಿಸಿದವರು. ಮಳೆ ಬಂದರೆ ಒಂದು ಕಲ್ಲುಮನೆಯ ಒಳಗೆ ಕೂರುತ್ತಿದ್ದರು. ಮರಿ ಹಾಕಿದ ಕುರಿಯನ್ನೂ ಅಲ್ಲೇ ಬಿಡುತ್ತಿದ್ದರು. ಅವರಿಗೆ ಅದು ಸ್ಮಶಾನ ಅಂತ ಯಾರೂ ಹೇಳಿರಲಿಲ್ಲ. ಹೇಳಿದ್ದರೂ ಮಳೆಗೆ ಹೊರಗೆ ನಿಲ್ಲುತ್ತಿರಲಿಲ್ಲ ಬಿಡಿ.

ನನಗೆ ಬೋರ್ಡಿನ ಸಿಟ್ಟು ಬೇರೆ. ಎಲ್ಲ ಬೋರ್ಡುಗಳೂ ಬೈಯುತ್ತವೆ. ಮುಟ್ಟಬೇಡಿ, ಹತ್ತಬೇಡಿ, ದಂಡ, ಜೈಲು. ಯಾಕೆ ಹತ್ತಬಾರದು ಎಂದು ಒಂದೂ ಹೇಳುವುದಿಲ್ಲ. ಅವು ಗಾರೆ ಇಲ್ಲದೆ ಒಂದಕ್ಕೊಂದು ಒರಗಿ ನಿಂತಿರುವ ಕಲ್ಲುಗಳು. ಸೆಲ್ಫಿಗೆ ಮೂರು ಜನ ಮೇಲೆ ಹತ್ತಿದರೆ ಪಕ್ಕದ ಚಪ್ಪಡಿ ಜಾರುತ್ತದೆ. ಇಷ್ಟು ಬರೆದರೆ ಸಾಕು, ದಂಡದ ಮಾತೇ ಬೇಡ.

ಆಮೇಲೆ ಮೇಲಿನ ಹೊಂಡ. ಕಲ್ಲು ಎಬ್ಬಿಸಿ ಎಬ್ಬಿಸಿಯೇ ಆದ ಹೊಂಡ ಅದು. ಬೇಸಿಗೆಯಲ್ಲೂ ನೀರಿರುತ್ತದೆ. ನಮ್ಮ ಕುರಿ ಕುಡಿಯುವುದು ಅಲ್ಲೇ. ಬಂದವರು ಅದರಲ್ಲಿ ಬಿಸ್ಕತ್ ಪಾಕೀಟು, ಬಾಟಲಿ ಎಸೆಯುತ್ತಾರೆ. ಅದು ಯಾರದೋ ನೀರು ಅಂತ ಅವರಿಗೆ ಗೊತ್ತಿಲ್ಲ. ಬರೆಯಿರಿ.

ಇನ್ನೊಂದು. ದಾರಿಗೆ ಬಾಣದ ಗುರುತು ಹಾಕಬೇಡಿ ಪ್ಲೀಸ್. ಗುರುತು ಹಾಕಿದರೆ ಎಲ್ಲರೂ ತಾವೇ ಹೋಗಿಬಿಡುತ್ತಾರೆ. ಊರಿನ ಒಬ್ಬರನ್ನು ಕರೆದುಕೊಂಡು ಹೋಗಿ ಎಂದು ಬರೆದರೆ ನಮ್ಮ ಹುಡುಗರಿಗೆ ಮುನ್ನೂರು ರೂಪಾಯಿ ಸಿಗುತ್ತದೆ. ಕರಡಿ, ಚಿರತೆ ಓಡಾಡುವ ಗುಡ್ಡ ಬೇರೆ.

ರಾಯಚೂರು ಮೇಷ್ಟ್ರು:

ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡಿದವನು ನಾನು. ಮೌರ್ಯ ವಾದ ಬಹಳ ಸಲ ಕೇಳಿದ್ದೇನೆ. ಹುಡುಗ ಹಾಗೆ ಹೇಳಲು ಕಾರಣವಿದೆ. ಕೊಪ್ಪಳದಲ್ಲೇ ಗವಿಮಠದ ಬಂಡೆ, ಪಾಲ್ಕಿಗುಂಡು ಎರಡು ಕಡೆ ಅಶೋಕನ ಶಾಸನಗಳಿವೆ. ಇತ್ತ ಮಸ್ಕಿಯದಂತೂ 1915ರಲ್ಲಿ ಸಿಕ್ಕಿ ಜಗತ್ಪ್ರಸಿದ್ಧವಾಯಿತು. ಶಾಸನಗಳಲ್ಲಿ ಬರುವ ದೇವಾನಾಂಪ್ರಿಯ ಎಂಬ ರಾಜ ಅಶೋಕನೇ ಎಂದು ಖಚಿತವಾದದ್ದು ಅಲ್ಲಿ ಅವನ ಹೆಸರು ಸಿಕ್ಕಿದ್ದರಿಂದ. ಸುತ್ತ ಇಷ್ಟೆಲ್ಲ ಇರುವಾಗ ‘ಮೋರ್ಯ’ ಎಂಬ ಪದ ಕಿವಿಗೆ ಬಿದ್ದರೆ ಯಾರಾದರೂ ಗಂಟು ಹಾಕುತ್ತಾರೆ.

ಆದರೆ ಲೆಕ್ಕ ಕೂಡುವುದಿಲ್ಲ. ಅಶೋಕ ಕ್ರಿ.ಪೂ. 3ನೇ ಶತಮಾನದವನು. ಗುಡ್ಡದ ಮೇಲೆ ಗೋರಿ ಕಟ್ಟಲು ಶುರುವಾಗಿ ಆಗಲೇ ನೂರಾರು ವರ್ಷ ಕಳೆದಿತ್ತು. ನನಗೆ ಮಜಾ ಅನಿಸುವುದು ಇನ್ನೊಂದು. ಶಾಸನ ಕೆತ್ತಿಸಿದಾಗಲೂ ಈ ಪದ್ಧತಿ ಪೂರ್ತಿ ನಿಂತಿರಲಿಲ್ಲ. ಅಂದರೆ ಅಶೋಕನ ಮಾತನ್ನು ಬಂಡೆಯ ಮುಂದೆ ಓದಿ ಹೇಳಿದ ದಿನ, ಕೇಳಿಸಿಕೊಂಡವರಲ್ಲಿ ಇಂಥ ಗೋರಿ ಕಟ್ಟುತ್ತಿದ್ದ ಜನವೂ ಇದ್ದಿರಬಹುದು. ಇದು ನನ್ನ ಊಹೆ. ಬೋರ್ಡಿಗೆ ಬೇಡ, ಕ್ಲಾಸಿನಲ್ಲಿ ಹೇಳಿ.

ಹಾಗಂತ ಮೋರೇರನ್ನು ತೆಗೆಯಬೇಡಿ. ಇಂಥ ಕಲ್ಲುಗಳನ್ನು ಮೋರೇರದು ಎನ್ನುವುದು ನಿಮ್ಮೂರಲ್ಲಿ ಮಾತ್ರ ಅಲ್ಲ, ಉತ್ತರ ಕರ್ನಾಟಕದ ಬೇರೆ ಕಡೆಯೂ ಇದೆ. ಕೊಡಗಿನಲ್ಲಿ ಇಂಥವನ್ನೇ ಪಾಂಡವರ ಲೆಕ್ಕಕ್ಕೆ ಹಾಕಿದ್ದಾರೆ. ಕಟ್ಟಿದವರು ತಮ್ಮ ಹೆಸರು ಬರೆದಿಟ್ಟು ಹೋಗಲಿಲ್ಲ. ನಾವು ಅವರನ್ನು ‘ಮೆಗಾಲಿಥಿಕ್ ಜನ’ (ದೊಡ್ಡ ಕಲ್ಲುಗಳ ಜನ) ಎಂದರೆ ಅದೂ ನಾವು ಇಟ್ಟ ಹೆಸರೇ. ಮೋರೇರು ಎಂಬುದಕ್ಕಿಂತ ಅದರಲ್ಲಿ ಏನು ಹೆಚ್ಚು?

ಬಳ್ಳಾರಿ ಕಲ್ಲು:

ನಗಾರಿ ಗುಂಡಿನ ಬಗ್ಗೆ ಮಾತ್ರ ಹೇಳುತ್ತೇನೆ. ದೊಡ್ಡ ಬಂಡೆಯ ನೆತ್ತಿಯ ಮೇಲೆ ಬೋರಲು ಹಾಕಿದ ಬಾನಿಯಂಥ ಕಲ್ಲು. ಬಡಿದರೆ ಒಂದು ಕಿಲೋಮೀಟರಿನಾಚೆಗೂ ಕೇಳುತ್ತದೆ. ಇದನ್ನು ಮುಚ್ಚಿಡುವುದು ಆಗದ ಮಾತು. ವಿಡಿಯೊಗಳು ಆಗಲೇ ಓಡಾಡುತ್ತಿವೆ.

ನಮ್ಮ ಸಂಗನಕಲ್ಲು ಕುಪ್ಪಗಲ್ಲು ಗುಡ್ಡದಲ್ಲೂ ಗಂಟೆಯ ಹಾಗೆ ನುಡಿಯುವ ಕಲ್ಲುಗಳಿವೆ. ಹೊಸ ಶಿಲಾಯುಗದವರು ಬಡಿದು ಬಡಿದು ಬಿದ್ದ ಗುಳಿಗಳೂ ಅವುಗಳ ಮೇಲಿವೆ. ಚಿಕ್ಕವನಿದ್ದಾಗ ನಾನೂ ಹೋಗಿ ಬಡಿದಿದ್ದೇನೆ. ಈಗ ನಾಚಿಕೆ. ಆದರೆ ನಿಜ ಹೇಳುತ್ತೇನೆ, ಆ ಸದ್ದು ಕೇಳಿರದಿದ್ದರೆ ನನಗೆ ಆ ಗುಡ್ಡದ ಮೇಲೆ ಪ್ರೀತಿಯೇ ಹುಟ್ಟುತ್ತಿರಲಿಲ್ಲ. ಅಲ್ಲಿ ಕ್ವಾರಿಯ ಸದ್ದು ಶುರುವಾದಾಗ ಹೊಟ್ಟೆ ಉರಿದದ್ದು ಅದಕ್ಕೇ.

ನನ್ನ ಸಲಹೆ: ಊರಿನವರು ಒಬ್ಬರು ಮರದ ಕೋಲಿನಿಂದ ಒಂದೇ ಸಲ ಬಾರಿಸಿ ಕೇಳಿಸಲಿ. ಮಿಕ್ಕವರು ಕೆಳಗೆ ನಿಂತು ಕೇಳಲಿ. ಕಲ್ಲಿನಿಂದ ಹೊಡೆಯುವುದು ಬೇಡವೇ ಬೇಡ. ಕುರಿಯವರ ಹುಡುಗ ಹೇಳಿದ ಮುನ್ನೂರು ರೂಪಾಯಿಗೆ ಇದೂ ಸೇರಿಕೊಳ್ಳಲಿ.

ಸ್ಟೋನ್‌ಹೆಂಜ್ ಪಕ್ಕದ ಕನ್ನಡಿಗ:

ನಾನು ಇಂಗ್ಲೆಂಡಿನ ಸಾಲ್ಸ್‌ಬರಿಯಲ್ಲಿದ್ದೇನೆ, ಸ್ಟೋನ್‌ಹೆಂಜ್‌ಗೆ ಬಸ್ಸಿನ ದೂರ. ಅದೂ ಹಳೆಯ ಕಾಲದವರು ನಿಲ್ಲಿಸಿದ ದೊಡ್ಡ ಕಲ್ಲುಗಳ ವೃತ್ತವೇ. ಊರಿಂದ ಯಾರು ಬಂದರೂ ಕರೆದುಕೊಂಡು ಹೋಗುವುದು ನನ್ನ ಹಣೆಬರಹ. ಹತ್ತು ಸಲವಾದರೂ ನೋಡಿರಬಹುದು. ಅಲ್ಲಿ ಹಗ್ಗದ ಬೇಲಿಯ ಆಚೆಯಿಂದ ಸುತ್ತು ಹಾಕಿ ನೋಡಬೇಕು. 2013ರಲ್ಲಿ ಪ್ರವಾಸಿಗರ ಹೊಸ ಕೇಂದ್ರವನ್ನು ಕಲ್ಲುಗಳಿಂದ ಎರಡು ಕಿಲೋಮೀಟರಿಗೂ ದೂರ ಕಟ್ಟಿದರು. ಕಲ್ಲಿನ ಪಕ್ಕ ಅಂಗಡಿ, ಪಾರ್ಕಿಂಗ್ ಬೇಡವೆಂದು. ಟೀಚರ್ ಗೋಡೆ ಊರೊಳಗೇ ಇರುವುದು ಅದಕ್ಕೇ ಇಷ್ಟವಾಯಿತು. ಗುಡ್ಡದ ಮೇಲೆ ಏನೂ ನೆಡಬೇಡಿ.

ಆ ಕೇಂದ್ರದ ಹೊರಗೆ ಹುಲ್ಲಿನ ಮಾಡಿನ ನಾಲ್ಕಾರು ಗುಡಿಸಲುಗಳಿವೆ. ಆ ಕಾಲದ ಜನ ಹೀಗಿದ್ದರು ಎಂದು ಸ್ವಯಂಸೇವಕರು ಕಟ್ಟಿದ್ದು. ನಮ್ಮಮ್ಮ ಬಂದಾಗ ಕಲ್ಲುಗಳನ್ನು ಐದು ನಿಮಿಷ ನೋಡಿದರು. ಗುಡಿಸಲಿನ ಒಲೆಯ ಮುಂದೆ ಅರ್ಧ ಗಂಟೆ ಕೂತರು. ‘ಕಸ ಗುಡಿಸಿಲ್ಲ’ ಎಂದು ತಪ್ಪೂ ಹುಡುಕಿದರು. ಗೋಡೆಯ ಚಿತ್ರದ ಭಾಗದಲ್ಲಿ ಗೋರಿಯನ್ನಷ್ಟೇ ಬರೆಯಬೇಡಿ, ಚಪ್ಪಡಿ ಎಳೆಯುತ್ತಿರುವ ಜನರನ್ನೂ ಬರೆಯಿರಿ.

ಇನ್ನೊಂದು ಸಂಗತಿ. ಸ್ಟೋನ್‌ಹೆಂಜ್ ಒಂದು ಕಾಲದಲ್ಲಿ ಖಾಸಗಿ ಆಸ್ತಿ. 1915ರಲ್ಲಿ ಸೆಸಿಲ್ ಚಬ್ ಎಂಬ ಅಲ್ಲೇ ಹತ್ತಿರದ ಹಳ್ಳಿಯವನು ಹರಾಜಿನಲ್ಲಿ 6,600 ಪೌಂಡಿಗೆ ಕೊಂಡ. 1918ರಲ್ಲಿ ದೇಶಕ್ಕೆ ದಾನ ಕೊಟ್ಟ. ಆಮೇಲೆ ಸುತ್ತಲ ಊರಿನವರನ್ನು ಪುಕ್ಕಟೆ ಬಿಡಬೇಕು ಎಂದು ಒಪ್ಪಂದವಾಯಿತು. ಇವತ್ತಿಗೂ ಸುತ್ತಲಿನವರಿಗೆ ಟಿಕೆಟ್ ಇಲ್ಲದ ಪಾಸ್ ಇದೆ. ನನ್ನ ಹತ್ತಿರವೂ ಇದೆ, ಇಲ್ಲದಿದ್ದರೆ ಹತ್ತು ಸಲಕ್ಕೆ ದಿವಾಳಿ. ನಾಳೆ ನಿಮ್ಮ ಗುಡ್ಡಕ್ಕೂ ಗೇಟು, ಟಿಕೆಟ್ ಬರಬಹುದು. ಕುರಿಯವರು ಗೇಟಿನ ಆಚೆ ಉಳಿಯದ ಹಾಗೆ ಈಗಲೇ ಮಾತಾಡಿಟ್ಟುಕೊಳ್ಳಿ.

ಡ್ರಾಯಿಂಗ್ ಟೀಚರ್:

ಎಲ್ಲರಿಗೂ ಥ್ಯಾಂಕ್ಸ್. ಮೇಷ್ಟ್ರ ಕೊನೆಯ ಪ್ರಶ್ನೆ ಓದಿ ನನ್ನ ಹಳೆಯ ಬರಹ ಹರಿದು ಹಾಕಿದೆ. ಹೊಸದು ಇಲ್ಲಿದೆ. ಎಣಿಸಿದ್ದೇನೆ, 100ರ ಒಳಗಿದೆ.

‘ಮೋರೇರ ಗುಡ್ಡ. ಇವು ಕುಳ್ಳ ಮೋರೇರ ಮನೆಗಳು ಎಂದು ನಮ್ಮ ಹಿರಿಯರು ಹೇಳುತ್ತಾ ಬಂದಿದ್ದಾರೆ. ಮನೆಗಳೇ ಹೌದು, ಆದರೆ ಸತ್ತವರಿಗೆ. ಎರಡೂವರೆ ಸಾವಿರ ವರ್ಷದ ಹಿಂದೆ ಇಲ್ಲಿ ಬದುಕಿದ್ದವರು ತಮ್ಮವರಿಗಾಗಿ ಕಟ್ಟಿದ್ದು. ಸುಮಾರು 400 ಇವೆ. ಕಲ್ಲು ಎಬ್ಬಿಸಿದ ಜಾಗ ಹೊಂಡವಾಗಿದೆ. ಆ ನೀರನ್ನು ನಮ್ಮ ಕುರಿಗಳು ಕುಡಿಯುತ್ತವೆ, ಕಸ ಹಾಕಬೇಡಿ. ಚಪ್ಪಡಿಗಳು ಗಾರೆಯಿಲ್ಲದೆ ಒರಗಿ ನಿಂತಿವೆ. ಮೇಲೆ ಹತ್ತಿದರೆ ಜಾರುತ್ತವೆ. ನಗಾರಿ ಗುಂಡನ್ನು ಕಲ್ಲಿನಿಂದ ಹೊಡೆಯಬೇಡಿ. ಒಳಗೆ ಚಿನ್ನವಿಲ್ಲ. ಅಗೆಯಬೇಡಿ. ಕುಡಿಯಲು ನೀರು ಒಯ್ಯಿರಿ. ಊರಿನ ಒಬ್ಬರನ್ನು ಜೊತೆಗೆ ಕರೆದುಕೊಳ್ಳಿ. ಸಂಜೆ ಐದಕ್ಕೆ ಇಳಿಯಿರಿ.’

ಇವತ್ತು ಬೆಳಿಗ್ಗೆ ಇದನ್ನು ಅದೇ ಹಿರಿಯರ ಮುಂದೆ ಓದಿದೆ. ‘ಸತ್ತವರ ಮನೆ’ ಎಂಬಲ್ಲಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, ‘ಹಂಗಾದರೆ ಆ ಕಿಂಡಿ ಯಾಕೆ? ಸತ್ತವರು ಹೊರಗೆ ಬರೋದಕ್ಕಾ?’ ಎಂದು ಕೇಳಿದರು. ಒಳಗೆ ಏನಾದರೂ ಇಡುವುದಕ್ಕೆ, ಎಡೆ ಕೊಡುವುದಕ್ಕೆ ಇರಬಹುದು ಎಂದೆ. ‘ಹಂಗಂದರೆ ನಾವು ಅಮಾವಾಸ್ಯೆಗೆ ಇಡೋ ಹಾಗೆ’ ಎಂದು ತಲೆಯಾಡಿಸಿದರು. ಚಹಾ ಅಕ್ಕನೂ ಒಪ್ಪಿದರು. ಸ್ಮಶಾನ ಎಂಬ ಪದ ಇಲ್ಲವಲ್ಲ.

ಒಂದೇ ಒಂದು ಸಾಲು ಹಿರಿಯರಿಗೆ ಹಿಡಿಸಲಿಲ್ಲ. ‘ಒಳಗೆ ಚಿನ್ನವಿಲ್ಲ ಅಂತ ಬರೆದಿರಲ್ಲ ಟೀಚರ್, ಅದನ್ನ ಓದಿದ ಕಳ್ಳ ಏನಂದುಕೊಳ್ತಾನೆ? ಇದೆ ಅಂತಲೇ ಅಂದುಕೊಳ್ತಾನೆ’ ಎಂದರು. ತೆಗೆದುಬಿಟ್ಟೆ. ಆ ಜಾಗದಲ್ಲಿ ಎಂಟನೇ ಕ್ಲಾಸಿನ ಹುಡುಗಿಯೊಬ್ಬಳು ಗುಡ್ಡದ ಬಂಡೆಚಿತ್ರದ ಜಿಂಕೆಯೊಂದನ್ನು ಕೆಮ್ಮಣ್ಣಿನ ಬಣ್ಣದಲ್ಲಿ ಬಿಡಿಸುತ್ತಾಳೆ. ಚಪ್ಪಡಿ ಎಳೆಯುವವರನ್ನು ಕುಳ್ಳಗೆ ಬಿಡಿಸಲೋ ಎತ್ತರಕ್ಕೆ ಬಿಡಿಸಲೋ ಎಂದು ಹುಡುಗರಲ್ಲಿ ಇನ್ನೂ ಜಗಳ ನಡೆದಿದೆ.